ಕೈಕೊಡದ ಬೋನು

ಬಾಬ್ಯಾಕ್ ಸತ್ತ ಹದಿನೇಳನೇ ದಿನ
ಅವನ ಹೆಂಡತಿ ಪಾರಸ್ಕಾ ಗ್ಯಾರೇಜಿನ ಬಾಗಿಲು ತೆರೆದಳು.
ಮೊಳೆಮೊಳೆಗೂ ಬೋನು,
ಡಜನ್ನಿಗೊಂದು ತಂತಿ, ತಂತಿಗೊಂದು ಚೀಟಿ:
ಒಂದಕ್ಕೆ ಒಂಬತ್ತು ಡಾಲರು.
ಹೊರಗೆ ಮೆಡೋ ಲೇಕ್‌ನ ಅಕ್ಟೋಬರ್,
ಕೆಸರೂ ಅಲ್ಲದ ಹಿಮವೂ ಅಲ್ಲದ ನೆಲ.

ನನ್ನ ಹತ್ತಿರ ಇದ್ದದ್ದು ನೂರಾ ನಲವತ್ತು,
ಜತೆಗೆ ಅಕ್ಕನ ಮಗಳು ಕೊರಿನ್,
ಹದಿನಾರು ವರ್ಷ, ಲೈಸೆನ್ಸಿನ ಶಾಯಿ ಇನ್ನೂ ಆರಿಲ್ಲ.
"ಹೊಸದೇ ತಗೊಳ್ಳೋಣ ಚಿಕ್ಕಮ್ಮ,
ಕ್ಯಾಟಲಾಗಿನಲ್ಲಿ ಡಜನ್ನಿಗೆ ತೊಂಬತ್ತೇ."

ತೊಂಬತ್ತರದ್ದು ನನಗೆ ಗೊತ್ತು ಮಗಳೆ.
ಮೈನಸ್ ಮೂವತ್ತೈದರ ಬೆಳಗು
ಅದರ ಸ್ಪ್ರಿಂಗು ಮಂಡಿನೋವಿನವರ ಹಾಗೆ
ಯೋಚಿಸಿ ಯೋಚಿಸಿ ಏಳುತ್ತದೆ.
ಅಷ್ಟರಲ್ಲಿ ಕಯೋಟಿ ಬಂದು, ಮೂಸಿ,
ಮೇಲೊಂದಿಷ್ಟು ಉಚ್ಚೆ ಹೊಯ್ದು ಹೋಗಿರುತ್ತದೆ.
ನಗು, ಪರವಾಗಿಲ್ಲ. ನಗಲಾಗದ್ದು ಇನ್ನೊಂದಿದೆ.
ಅಂಥದ್ದೇ ಒಂದರ ಕೊಂಡಿ ಬಾಯಿಬಿಟ್ಟು
ಹೆಣ್ಣು ಲಿಂಕ್ಸ್ ಬೋನಿನ ಸಮೇತ ಹೋಯಿತು.
ನಾಲ್ಕು ದಿನ ಜಾಡು ಹಿಡಿದು ನಡೆದೆ:
ಮೂರು ಹೆಜ್ಜೆ, ಒಂದು ಗೀಟು,
ಮೂರು ಹೆಜ್ಜೆ, ಒಂದು ಗೀಟು.
ಐದನೆಯ ದಿನ ಹಿಮ ಬಿತ್ತು.
ನಾನು ಉಳಿಸಿದ್ದು ಆರು ಡಾಲರು.
ಬಾಕಿಯನ್ನು ಅದು ತೆತ್ತಿತು,
ಎಲ್ಲಿ, ಎಷ್ಟು ದಿನ, ನನಗೆ ಗೊತ್ತಿಲ್ಲ.

ಅದಕ್ಕೇ, ಕೂತು ನೋಡು.
ತುಕ್ಕಿಗೆ ಹೆದರಬೇಡ, ಅದು ಮೈಮೇಲಿನದು;
ಸ್ಪ್ರೂಸ್ ತೊಗಟೆ ಹಾಕಿ ಕುದಿಸಿದರೆ
ಹಂಚಿನ ಹಾಗೆ ಕಪ್ಪಾಗುತ್ತದೆ.
ದವಡೆ ಮುಚ್ಚಿ ಕಿಟಕಿಗೆ ಹಿಡಿ.
ನಡುವೆ ಒಂದು ಗೆರೆ ಬೆಳಕು ಬೇಕು,
ಪೂರ್ತಿ ಕಚ್ಚಿಕೊಳ್ಳುವುದು ಮೂಳೆಯ ತನಕ ಹೋಗುತ್ತದೆ.
ಅಂಚಿಗೆ ಹೆಬ್ಬೆರಳು ಸವರು, ಗೀರಿದರೆ ಕೆಳಗಿಡು.
ತಟ್ಟೆ ಲೊಡಬಡ ಅನ್ನಬಾರದು, ಬೀಳಬೇಕು,
ಮಾತು ಮುಗಿಸಿದವರು ತಲೆಯಾಡಿಸಿದ ಹಾಗೆ, ಒಂದೇ ಸಲ.
ಕಂಪನಿಯ ಹೆಸರು ಓದಬೇಡ, ಕಿವಿಗೊಡು:
ಒಳ್ಳೆಯದು ಟಪ್ ಅನ್ನುತ್ತದೆ,
ಕೆಟ್ಟದ್ದು ಜೇಬಿನ ಚಿಲ್ಲರೆಯ ಹಾಗೆ ಸದ್ದು ಮಾಡುತ್ತದೆ.
ಕೈಕೊಡದೆ ಕಾಲು ಹಿಡಿಯಬೇಕು.
ಇಷ್ಟೇ ನನಗೆ ಗೊತ್ತಿರುವುದು.

ಎರಡನೇ ತಂತಿಯ ಏಳನೆಯದನ್ನು
ಕೊರಿನ್ ಕಿಟಕಿಗೆ ಹಿಡಿದಳು.
ದವಡೆಯ ಬುಡದಲ್ಲಿ ಅರದಿಂದ ತೀಡಿದ ಮೂರು ಗೀಟು,
ಮೂರನೆಯದು ಓರೆ.

ನನ್ನಪ್ಪನ ಗುರುತು.
ತೋರುಬೆರಳಿಲ್ಲದ ಕೈ ಅರ ಹಿಡಿದರೆ
ಕೊನೆಯದು ಓರೆಯೇ ಬೀಳುವುದು.

ಎಂಬತ್ತನಾಲ್ಕರ ಚಳಿಗಾಲ ಹೋದ ಬೋನು.
ತೋಳ ಎಳೆದುಕೊಂಡು ಹೋಯಿತು, ಅಂದ ಅಪ್ಪ.
ಎರಡು ಕಾಲಿನ ತೋಳ, ಅಂದಳು ಅಮ್ಮ,
ಬಾಬ್ಯಾಕನ ಮನೆಯ ಹೊಗೆಯ ಕಡೆ ನೋಡಿ.
ಆಮೇಲೂ ಅವನು ಬಂದಾಗಲೆಲ್ಲ
ಅಪ್ಪ ತಾನೇ ಎದ್ದು ಚಹಾ ಸೋಸುತ್ತಿದ್ದ.
ಅಮ್ಮ ಮಾತ್ರ ಸಕ್ಕರೆ ಡಬ್ಬಿ ಕಾಣದ ಹಾಗೆ ಇಡುತ್ತಿದ್ದಳು.

"ಅದಾ ಓಡಿಲ್?" ಪಾರಸ್ಕಾ ಕಣ್ಣು ಕಿರಿದು ಮಾಡಿದಳು.
"ಅದೊಂದು ಎಂದೂ ಕೈಕೊಟ್ಟಿಲ್ಲ ಅಂತಿದ್ದ ಅವನು.
ಅದಕ್ಕೆ ಹನ್ನೆರಡು."

ಕೊರಿನ್ ನನ್ನ ಮುಖ ನೋಡಿದಳು.
ಬೋನು ಹೂಡಿ, ಕಡ್ಡಿಯಿಂದ ತಟ್ಟೆ ಮುಟ್ಟಿದೆ.
ಟಪ್.
ಕಡ್ಡಿ ಮುರಿಯಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಚೌಕಾಸಿ ಮಾಡಿದೆ. ಹನ್ನೊಂದಕ್ಕೆ ಇಳಿದಳು.
ಉಳಿದದ್ದರಲ್ಲಿ ಹದಿನಾಲ್ಕು ಆರಿಸಿದೆವು,
ಮಿಕ್ಕ ಮೂರು ಡಾಲರಿಗೆ ಅವಳ ಉಪ್ಪಿನಕಾಯಿ ಸೌತೆ, ಒಂದು ಬಾಟಲಿ.

ಟ್ರಕ್ಕಿನಲ್ಲಿ ಅವಳು ತಡೆಯಲಾರದೆ ಕೇಳಿದಳು:
"ನಮ್ಮದಕ್ಕೇ ದುಡ್ಡು ಕೊಟ್ಟೆಯಾ?"

ಸರಪಳಿ ನೋಡು, ಅಂದೆ.
ಕೊಂಡಿಕೊಂಡಿಗೂ ಬೆಸುಗೆ ಇದೆ, ಬಾಬ್ಯಾಕನ ಕೆಲಸ.
ನಮ್ಮಪ್ಪ ಬರಿಯ ತಂತಿ ಸುತ್ತಿ ಬಿಡುತ್ತಿದ್ದ,
ಅಗ್ಗ ಅಂತ.
ತೋಳ ಕಿತ್ತರೂ ಕಿತ್ತಿರಬಹುದು.