ಗಂಟುಬಾಲ

ತಳಂಗರೆಯ ಬೆಕ್ಕುಗಳಿಗೆ
ಬಾಲದ ತುದಿಯಲ್ಲೊಂದು ಗಂಟು.
ಮುಟ್ಟಿದರೆ ಕಡಲೆಕಾಳಿನಷ್ಟು ಮೂಳೆ.

ನಡುಗಡಲಲ್ಲಿ ಬಿರುಗಾಳಿ ಎದ್ದ ರಾತ್ರಿ
ಉರುವಿನ ಮಾಲ್ಮಿ ಗಾಳಿಯನ್ನೇ ಹಿಡಿದು
ಅಲ್ಲಿ ಬಿಗಿದನಂತೆ.
ಕೈಗೆ ಬೇರೆ ಹಗ್ಗ ಸಿಕ್ಕಿರಲಿಲ್ಲ.

ಹೇಳಿದವಳು ಟೊಪ್ಪಿ ಹೊಲಿಯುವ ಆಸ್ಯಮ್ಮ.
ಸುಳ್ಳು, ಎನ್ನುತ್ತಾನೆ ಮೀನಿನ ಕುಂಞಂಬು:
ಬಾಗಿಲಿಗೆ ಸಿಕ್ಕಿದ ಬಾಲ ಅದು,
ಅದೂ ಅವಳದೇ ಬಾಗಿಲಿಗೆ.

ಇದ್ದೀತು.
ಆದರೆ ಮಗ ಬೋಟಿಗೆ ಹೋದ ಸಂಜೆ
ಸೂಜಿ ಬದಿಗಿಟ್ಟು, ಬೆಕ್ಕನ್ನು ಮಡಿಲಿಗೆಳೆದು
ಎರಡು ಬೆರಳಲ್ಲಿ ಒತ್ತಿ ನೋಡುತ್ತಾಳೆ,
ಸಡಿಲಾಯಿತೋ ಎಂದು.

ಮೊನ್ನೆ ನಾಲ್ಕು ಮರಿ.
ಮೂರಕ್ಕೆ ಗಂಟಿದೆ.
ನಾಲ್ಕನೆಯದರ ಬಾಲ ನೆಟ್ಟಗೆ,
ನೋಡಲು ಚಂದ.
ಅದಕ್ಕೆ ಟೊಪ್ಪಿಯ ಬಿಳಿ ನೂಲಲ್ಲಿ
ಒಂದು ಸುತ್ತು ಹಾಕಿದ್ದಾಳೆ,
ನೋಯದ ಹಾಗೆ,
ಸದ್ಯಕ್ಕೆ.