ಜೇಬಿನೊಳಗಿನ ಕೈ

ತ್ಬಿಲಿಸಿಯ ನೆಲಮಾಳಿಗೆ. ಝುಝುನಾಳ ಎಡಗೈ
ಕೆಲಸದ ಹೊತ್ತಲ್ಲಿ ಏಪ್ರನ್ನಿನ ಜೇಬಿನಲ್ಲೇ.
"ಎರಡೂ ಕೈ ಇಟ್ಟೆಯೋ,
ಅದರ ದಾರಿ ನಿನ್ನೆದೆಯ ಮೂಲಕವೇ."

ಸಾವಿರದೈನೂರು ವೋಲ್ಟ್ ತಡೆಯುವ ಟ್ರಾನ್ಸಿಸ್ಟರು,
ಹುಣಸೆ ಬೀಜದಂಥದು, ಕಪ್ಪಗೆ.
ಬೆಳಗಿಂದ ಮೂರು ಸತ್ತವು.
ನಾನು ಹೊತ್ತಿಸುವಲ್ಲಿನ ತಪ್ಪು ಹುಡುಕುತ್ತಿದ್ದೆ.

"ಹೊತ್ತಿಸುವಾಗಲ್ಲವೋ, ಆರಿಸುವಾಗ ನೋಡು.
ಹರಿಯುತ್ತಿದ್ದುದನ್ನು ತಟ್ಟನೆ ತಡೆದರೆ
ಸುರುಳಿ ಸುಮ್ಮನಿದ್ದೀತೇ?"

ಅಡ್ಡಕ್ಕೊಂದು ಕೆಪಾಸಿಟರ್,
ತುಸು ಹೊಗೆ, ಬೆಸುಗೆಯ ಹನಿ.
ನಾಲ್ಕನೆಯದು
ಬೆಚ್ಚಗಾಯಿತು, ಬದುಕಿತು.

ಸಂಜೆ ಬಟುಮಿಯಿಂದ ಫೋನು.
ಆಚೆ ಯಾರೋ ಕೂಗಾಡುತ್ತಿದ್ದರು.
ಬಹಳ ಹೊತ್ತು ಕೇಳಿದಳು, ಒಂದು ಮಾತಾಡಿದಳು,
ರಿಸೀವರನ್ನು ಕುಕ್ಕಲಿಲ್ಲ;
ಮೆಲ್ಲಗೆ, ಎಷ್ಟು ಮೆಲ್ಲಗೆ, ಇಳಿಸಿದಳು.

ಎಡಗೈ ಇನ್ನೂ ಜೇಬಿನಲ್ಲೇ ಇತ್ತು.