ಮೂರನೆಯ ಜಂತೆ

ಚಳ್ಳಕೆರೆ ಸೀಮೆಯ ಆ ಊರಿಗೆ ಹೋದಾಗ
ಕೈಯಲ್ಲಿ ಟೇಪು, ಹೆಗಲಲ್ಲಿ ಕ್ಯಾಮೆರಾ,
ಚೀಲದಲ್ಲಿ ಹದಿನಾಲ್ಕು ಕಲಮಿನ ನಮೂನೆ.
ಮನೆಯ ವಯಸ್ಸು. ಕಟ್ಟಿದವರು. ಉದ್ದ, ಅಗಲ.
ಪಾರಂಪರಿಕ ಮೌಲ್ಯ: ಹೆಚ್ಚು, ಸಾಧಾರಣ, ಇಲ್ಲ,
ಯಾವುದಾದರೂ ಒಂದಕ್ಕೆ ಗುರುತು ಹಾಕಿ.

ಹದಿನೆಂಟು ಅಂಕಣದ ಮನೆ.
ಶಿವನಾಗಮ್ಮ ಲೆಕ್ಕ ಹೇಳಿದ್ದೇ ಅಂಕಣದಲ್ಲಿ;
ಮೀಟರಿಗೆ ಇಳಿಸಿದರೆ ಯಾಕೋ ಸಣ್ಣದಾಗುತ್ತದೆ.
ಬೇವಿನ ಬಾಗಿಲವಾಡ, ಕಮರದ ಕಂಬ,
ಬೋದಿಗೆಯ ಎರಡೂ ಕಡೆ ಗಿಳಿ.
ಒಂದರ ಕೊಕ್ಕಿಲ್ಲ.
"ನಮ್ಮತ್ತೆ ಮದುವೇಲಿ ಚಪ್ರ ಕಟ್ಟೋವಾಗ ಮುರೀತಂತೆ.
ಅತ್ತೆ ಹೋದ್ರು, ಕೊಕ್ಕು ಐತೆ" ಅಂದು
ದೀಪದ ಗೂಡಿನಿಂದ ತೆಗೆದು ತೋರಿಸಿದರು,
ಕಡಲೆಬೀಜದಷ್ಟು ಮರ.

ಒಳಗೆ ಮೊದಲು ದನದ ಅಂಕಣ, ಒಂದು ಮೆಟ್ಟಿಲು ತಗ್ಗು.
ಗೋದಲಿಯಲ್ಲಿ ಈಗ ಗ್ಯಾಸ್ ಸಿಲಿಂಡರು.
ಹಗೇವಿನ ಬಾಯಿಗೆ ಚಪ್ಪಡಿ,
ಚಪ್ಪಡಿಯ ಮೇಲೆ ಹೊಲಿಗೆ ಮೆಷೀನು.

ಹೊಸ್ತಿಲ ಹತ್ತಿರ ನಾನು ನಿಂತದ್ದು
ಅಳೆಯುವುದಕ್ಕಲ್ಲ.
ನಮ್ಮಜ್ಜ ಗಾಳೆಪ್ಪ
ಈ ಮನೆಯ ಮೇಲೆ ನಲವತ್ತು ವರ್ಷ ಓಡಾಡಿದವನು.
ಒಳಗೆ ಒಂದು ದಿನವೂ ಬಂದವನಲ್ಲ.

ರೋಹಿಣಿ ಮಳೆ ಇನ್ನೂ ಮೋಡದಲ್ಲಿರುವಾಗ
ಕೆರೆಯಂಗಳದ ಕರಲು ಕತ್ತೆಯ ಮೇಲೆ ಬರುತ್ತಿತ್ತು,
ಬೂದಿಯಂಥ, ಉಪ್ಪಿನಂಥ, ನೀರನ್ನು ಒಲ್ಲದ ಮಣ್ಣು.
ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ,
ಚಕ್ಕೆಯ ಮೇಲೆ ಬಂದ್ರೆ ಸೊಪ್ಪು, ಕೆಮ್ಮಣ್ಣು,
ಎಲ್ಲಕ್ಕೂ ಮೇಲೆ ಕರಲು,
ಕರಲಿಗೂ ಮೇಲೆ ಅಜ್ಜನ ಪಾದ.
ತುಳಿದು ತುಳಿದು ಹಿಮ್ಮಡಿ ಸೀಳಿ
ಆ ಸೀಳಿನಲ್ಲಿ ಉಳಿದ ಬಿಳಿ ಗೆರೆ
ಉಜ್ಜಿದರೂ ಹೋಗುತ್ತಿರಲಿಲ್ಲ.

ಬೆಳಕಿಂಡಿಗೆ ಮಡಕೆ ಕವುಚುವ ಮುಂಚೆ
ಒಂದು ಗಳಿಗೆ ಕೆಳಗೆ ಬಗ್ಗಿ ನೋಡುತ್ತಿದ್ದನಂತೆ:
ಮೊರದಲ್ಲಿ ಸಜ್ಜೆ, ಒಂದು ಬೋಳು ಬೈತಲೆ,
ತೊಟ್ಟಿಲ ಹಗ್ಗ, ನೆಲದ ಮೇಲೆ ಬಿಸಿಲಿನ ಬಿಲ್ಲೆ,
ಅದರೊಳಗೆ ತನ್ನದೇ ತಲೆಯ ನೆರಳು.
"ನಾನು ಒಳಗೋಗಿದ್ದು ಅಷ್ಟೇ ಕಣವ್ವ,
ನನ್ನ ನೆರಳು ಹೋಗಿ ಬಂತು" ಅಂತ ನಗುತ್ತಿದ್ದ.
ನಮ್ಮ ಗುಡಿಸಲ ನೆಲದಲ್ಲಿ ಕಡ್ಡಿಯಿಂದ
ಆ ಮನೆಯನ್ನು ಬರೆದು ತೋರಿಸುತ್ತಿದ್ದ,
ಮೇಲಿನಿಂದ ಕಂಡ ಹಾಗೆ, ಬಾಗಿಲೇ ಇಲ್ಲದೆ.
"ನಡುಮನೆ ಮೇಲೆ ಮೂರನೇ ಜಂತೆ ಬಾಗೈತೆ.
ಅಲ್ಲಿ ಮೆಲ್ಲಗೆ ಕಾಲಿಡಬೇಕು,
ಕೆಳಗೆ ತೊಟ್ಟಿಲು ಐತೆ."

ಬಾಗಿಲ ಮೇಲಿನ ಕಲ್ಲಿನಲ್ಲಿ ಕೊರೆದಿದೆ:
ಪಟೇಲ ಸಣ್ಣಲಿಂಗಪ್ಪನವರು ಕಟ್ಟಿಸಿದ್ದು.
ನಮೂನೆ ಕೇಳುವುದು: ಕಟ್ಟಿದವರು?
ನಡುವೆ ಇರುವುದು ಒಂದೇ ಅಕ್ಷರ, ಸಿ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಬಹಳ ಹೊತ್ತು ಆ ಅಕ್ಷರದ ಕೆಳಗೆ ನಿಂತೆ.

ಆಮೇಲೆ ನಡುಮನೆಗೆ ಹೋಗಿ ತಲೆಯೆತ್ತಿದೆ.
ಒಂದು, ಎರಡು. ಮೂರನೆಯದು ಬಾಗಿತ್ತು,
ಹೊರೆ ಹೊತ್ತವಳ ಕತ್ತಿನಷ್ಟೇ, ಮುರಿಯದೆ.
ಟೇಪು ಅಲ್ಲಿಗೆ ಎಟುಕಲಿಲ್ಲ.

ಶಿವನಾಗಮ್ಮ ಲೋಟದಲ್ಲಿ ನೀರು ಕೊಟ್ಟರು.
ಇತ್ತ ಕೊಟ್ಟ ಲೋಟ ಅತ್ತ ಇಸಿದುಕೊಂಡರು,
ಅಷ್ಟು ಸಲೀಸಾಗಿ, ಏನೂ ಆಗದ ಹಾಗೆ.
"ಹೋದ ಮಳೆಗೆ ಅಡುಗೆಮನೆ ಸೋರ್ತು.
ಸಿಮೆಂಟು ಹಾಕ್ಸು ಅಂತಾರೆ ನಮ್ಮ ಹುಡುಗ್ರು,
ಸೆಕೆಗೆ ಸಾಯ್ತೀವಷ್ಟೇ.
ಕರಲು ತುಳಿಯೋರು ಯಾರಾದ್ರೂ ಗೊತ್ತೇನವ್ವ?"

ಉತ್ತರ ಹೇಳಲಿಲ್ಲ. ಹಿತ್ತಲ ಏಣಿ ಕೇಳಿದೆ.
ಚಪ್ಪಲಿ ಕೆಳಗೆ ಬಿಟ್ಟು ಹತ್ತಿದೆ.
ಮಾಳಿಗೆಯ ತುಂಬ ಬಿಸಿಲು, ಒಣಗಿದ ಹುಲ್ಲು,
ಹರನಾಳಿಗೆಯಲ್ಲಿ ಗುಬ್ಬಿಯ ಪುಕ್ಕ.
ಅಂಗಾಲಿಗೆ ಕರಲು ತಣ್ಣಗಿತ್ತು, ಅಥವಾ
ಹಾಗಂದುಕೊಂಡೆ.
ಒಂದು ಅಂಕಣ, ಇನ್ನೊಂದು,
ನಡುಮನೆಯ ಮೇಲೆ ಬಂದಾಗ
ಹೇಳದೆಯೇ ಹೆಜ್ಜೆ ಮೆಲ್ಲಗಾಯಿತು.

ಕೆಳಗೆ, ಬೆಳಕಿನ ಬಿಲ್ಲೆಯ ಪಕ್ಕದಲ್ಲಿ
ನನ್ನ ನಮೂನೆ ಬಿದ್ದಿತ್ತು.
ಯಾವುದಕ್ಕೂ ಗುರುತು ಹಾಕಿರಲಿಲ್ಲ.